ವಕೀಲನೇ ಕಟಕಟೆ ಹತ್ತಿದಾಗ: ಕ್ಲಾರೆನ್ಸ್ ಡಾರೋ ಮತ್ತು ನಾಲ್ಕು ಸಾವಿರ ಡಾಲರ್

ಕ್ಲಾರೆನ್ಸ್ ಡಾರೋ ಅನ್ನುವ ಅಮೆರಿಕನ್ ವಕೀಲನ ಹೆಸರು ನಮ್ಮಲ್ಲಿ ಹೆಚ್ಚಿನವರಿಗೆ ಗೊತ್ತಿರುವುದು ‘ಮಂಕಿ ಟ್ರಯಲ್’ನಿಂದ. ಟೆನೆಸಿ ರಾಜ್ಯದ ಡೇಟನ್ ಎಂಬ ಸಣ್ಣ ಊರಲ್ಲಿ, ೧೯೨೫ರಲ್ಲಿ, ವಿಕಾಸವಾದವನ್ನು ಪಾಠ ಮಾಡಿದ್ದಕ್ಕೆ ಜಾನ್ ಸ್ಕೋಪ್ಸ್ ಎಂಬ ಮೇಷ್ಟ್ರ ಮೇಲೆ ಕೇಸು ಹಾಕಿದರಲ್ಲ, ಅಲ್ಲಿ ಮೇಷ್ಟ್ರ ಪರವಾಗಿ ವಾದಿಸಿದವನು ಈತ. ಅದರ ಹಿಂದಿನ ವರ್ಷ ಷಿಕಾಗೋದಲ್ಲಿ ಲಿಯೋಪೋಲ್ಡ್ ಮತ್ತು ಲೋಬ್ ಎಂಬ ಇಬ್ಬರು ಶ್ರೀಮಂತರ ಮಕ್ಕಳನ್ನು ನೇಣಿನಿಂದ ಉಳಿಸಿದವನೂ ಈತನೇ. ಮರಣದಂಡನೆಯ ಕಡುವಿರೋಧಿ, ಕೂಲಿಕಾರರ ಬಂಧು, ದಿಕ್ಕಿಲ್ಲದವರ ವಕೀಲ... ಹೀಗೆ ಬಿರುದುಗಳಿಗೆ ಕೊರತೆಯಿಲ್ಲ.

ಇಂಥವನು ಒಮ್ಮೆ ತಾನೇ ಆರೋಪಿಯಾಗಿ ನಿಂತಿದ್ದ. ಆರೋಪ ಏನು ಗೊತ್ತೆ? ಕಕ್ಷಿದಾರರನ್ನು ಉಳಿಸಿಕೊಳ್ಳಲು ಜ್ಯೂರಿಗೆ ಲಂಚ ಕೊಡಿಸಿದ ಅಂತ! ಎರಡು ಸಲ ವಿಚಾರಣೆ ನಡೆಯಿತು. ಮೊದಲನೆಯದರಲ್ಲಿ ಬಿಡುಗಡೆ, ಎರಡನೆಯದು ಇತ್ಯರ್ಥವೇ ಆಗಲಿಲ್ಲ. ನೂರು ವರ್ಷ ದಾಟಿದರೂ ‘ಕೊಟ್ಟನೋ, ಇಲ್ಲವೋ’ ಎಂಬ ಜಗಳ ಮುಗಿದಿಲ್ಲ. ನಿಮ್ಮನ್ನು ಕಾಯಿಸುವುದು ಬೇಡ, ನನ್ನ ಅಭಿಪ್ರಾಯ ಈಗಲೇ ಹೇಳಿಬಿಡುತ್ತೇನೆ: ಕೊಡಿಸಿದ್ದಾನೆ. ಯಾಕೆ ಹಾಗನ್ನಿಸುತ್ತದೆ ಅನ್ನುವುದಕ್ಕೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಅದಕ್ಕೂ ಮೊದಲು ಜ್ಯೂರಿಯ ವಿಷಯ ಒಂದು ಮಾತು. ನಮ್ಮ ದೇಶದಲ್ಲಿ ಜ್ಯೂರಿ ಅಂದ ಕೂಡಲೇ ನೆನಪಾಗುವುದು ೧೯೫೯ರ ನಾನಾವತಿ ಪ್ರಕರಣ. ಮುಂಬಯಿಯ ಒಂಬತ್ತು ಜನರ ಜ್ಯೂರಿಯಲ್ಲಿ ಎಂಟು ಜನ ‘ನಿರಪರಾಧಿ’ ಅಂದರು, ಸೆಷನ್ಸ್ ನ್ಯಾಯಾಧೀಶರು ಅದನ್ನು ಒಪ್ಪದೆ ಹೈಕೋರ್ಟಿಗೆ ಕಳಿಸಿದರು, ಅಲ್ಲಿ ಜೀವಾವಧಿ ಶಿಕ್ಷೆಯಾಯಿತು. ೧೯೭೩ರ ದಂಡ ಪ್ರಕ್ರಿಯಾ ಸಂಹಿತೆಯಲ್ಲಂತೂ ಜ್ಯೂರಿಗೆ ಜಾಗವೇ ಉಳಿಯಲಿಲ್ಲ. ಆದರೆ ಡಾರೋ ಕಾಲದ ಕ್ಯಾಲಿಫೋರ್ನಿಯಾದಲ್ಲಿ ಹಾಗಲ್ಲ. ಹನ್ನೆರಡು ಜನ. ಹನ್ನೆರಡೂ ಜನ ಒಂದೇ ಮಾತು ಹೇಳಬೇಕು. ಒಬ್ಬ ತಲೆ ಅಡ್ಡ ಆಡಿಸಿದರೂ ತೀರ್ಪಿಲ್ಲ, ಮತ್ತೆ ಮೊದಲಿನಿಂದ ಶುರು. ಅಂದರೆ ಕೇಸು ಕೆಡಿಸಬೇಕೆನ್ನುವವನು ಹನ್ನೆರಡು ಜನರನ್ನು ಕೊಳ್ಳಬೇಕಾಗಿಲ್ಲ, ಒಬ್ಬ ಸಾಕು. ಈ ಲೆಕ್ಕ ನೆನಪಿರಲಿ.

ಈಗ ಕಥೆಗೆ ಬರೋಣ. ೧೯೧೦ರ ಅಕ್ಟೋಬರ್ ೧, ರಾತ್ರಿ ಒಂದು ಗಂಟೆ ಕಳೆದು ಕೆಲವು ನಿಮಿಷ. ಲಾಸ್ ಏಂಜಲೀಸ್ ಟೈಮ್ಸ್ ಪತ್ರಿಕೆಯ ಕಟ್ಟಡದಲ್ಲಿ ಡೈನಮೈಟ್ ಸಿಡಿಯಿತು. ಮುದ್ರಣದ ಶಾಯಿಯ ಪೀಪಾಯಿಗಳನ್ನು ಇಟ್ಟಿದ್ದ ಓಣಿಯಲ್ಲಿ ಯಾರೋ ಸೂಟ್‌ಕೇಸು ಇಟ್ಟು ಹೋಗಿದ್ದರು. ಶಾಯಿ, ಗ್ಯಾಸು ಎಲ್ಲ ಸೇರಿ ಹತ್ತಿಕೊಂಡು ಕಟ್ಟಡ ಉರಿದುಹೋಯಿತು. ರಾತ್ರಿಪಾಳಿಯಲ್ಲಿದ್ದ ಕನಿಷ್ಠ ೨೦ ಜನ ಸತ್ತರು. ಸತ್ತವರು ಯಾರು? ಅಚ್ಚುಮೊಳೆ ಜೋಡಿಸುವವರು, ಯಂತ್ರ ನಡೆಸುವವರು... ಎಲ್ಲ ಕೂಲಿಯವರೇ.

ಪತ್ರಿಕೆಯ ಮಾಲೀಕ ಹ್ಯಾರಿಸನ್ ಗ್ರೇ ಓಟಿಸ್‌ಗೆ ಕಾರ್ಮಿಕ ಸಂಘ ಎಂದರೆ ಮೈಯೆಲ್ಲ ಉರಿ. ಇಡೀ ಲಾಸ್ ಏಂಜಲೀಸನ್ನೇ ಯೂನಿಯನ್ ಇಲ್ಲದ ಊರಾಗಿ ಉಳಿಸಿಕೊಳ್ಳುವ ಪಣ ತೊಟ್ಟವನು. ಆದ್ದರಿಂದ ಸಂಶಯ ನೇರವಾಗಿ ಯೂನಿಯನ್ನಿನವರ ಮೇಲೆ ಹೋಯಿತು. ವಿಲಿಯಂ ಬರ್ನ್ಸ್ ಎಂಬ ಖಾಸಗಿ ಪತ್ತೇದಾರ ೧೯೧೧ರ ಏಪ್ರಿಲ್‌ನಲ್ಲಿ ಡೆಟ್ರಾಯಿಟ್‌ನಲ್ಲಿ ಇಬ್ಬರನ್ನು ಹಿಡಿದ: ಜೇಮ್ಸ್ ಮೆಕ್‌ನಮಾರ ಮತ್ತು ಓರ್ಟಿ ಮೆಕ್‌ಮ್ಯಾನಿಗಲ್. ಮೆಕ್‌ಮ್ಯಾನಿಗಲ್ ಎಲ್ಲವನ್ನೂ ಬಾಯಿಬಿಟ್ಟ. ಆಮೇಲೆ ಇಂಡಿಯಾನಾಪೊಲಿಸ್‌ನಲ್ಲಿ ಜೇಮ್ಸ್‌ನ ಅಣ್ಣ ಜಾನ್ ಮೆಕ್‌ನಮಾರನನ್ನು ಹಿಡಿದರು. ಆತ ಸೇತುವೆ ಮತ್ತು ಉಕ್ಕಿನ ಕಟ್ಟಡ ಕಟ್ಟುವ ಕಾರ್ಮಿಕರ ಅಂತಾರಾಷ್ಟ್ರೀಯ ಸಂಘದ ಕಾರ್ಯದರ್ಶಿ. ವಕೀಲನನ್ನು ಕಾಣಲೂ ಬಿಡದೆ ಗಡಿಬಿಡಿಯಲ್ಲಿ ಅವನನ್ನು ಕ್ಯಾಲಿಫೋರ್ನಿಯಾಕ್ಕೆ ಸಾಗಿಸಿದರು. ಇದು ಅಪಹರಣ ಅಂತ ಇಂಡಿಯಾನಾದಲ್ಲಿ ಬರ್ನ್ಸ್ ಮೇಲೆಯೇ ಕೇಸಾಯಿತು!

ಈ ಅಣ್ಣತಮ್ಮಂದಿರು ನಿರಪರಾಧಿಗಳು, ಇದು ಬಂಡವಾಳಗಾರರ ಪಿತೂರಿ ಅಂತ ದೇಶದ ಕಾರ್ಮಿಕರೆಲ್ಲ ನಂಬಿದರು. ಅಮೆರಿಕನ್ ಫೆಡರೇಷನ್ ಆಫ್ ಲೇಬರ್‌ನ ಅಧ್ಯಕ್ಷ ಸ್ಯಾಮ್ಯುಯೆಲ್ ಗಾಂಪರ್ಸ್ ಡಾರೋನ ಬೆನ್ನುಬಿದ್ದ. ಡಾರೋಗೆ ಆಗ ೫೪ ವರ್ಷ. ೧೯೦೭ರಲ್ಲಿ ಐಡಾಹೋದ ಮಾಜಿ ಗವರ್ನರ್ ಕೊಲೆ ಕೇಸಿನಲ್ಲಿ ಬಿಲ್ ಹೇವುಡ್ ಎಂಬ ಕಾರ್ಮಿಕ ನಾಯಕನನ್ನು ಬಿಡಿಸಿಕೊಂಡು ಬಂದಿದ್ದ, ಕಿವಿಯ ಸೋಂಕಿನಿಂದ ಸಾಯುವಷ್ಟು ನರಳಿದ್ದ. ಇಂಥ ಕೇಸು ಇನ್ನು ಬೇಡ ಅಂದುಕೊಂಡಿದ್ದವನು ಕೊನೆಗೆ ಒಪ್ಪಿದ. ಕೂಲಿಕಾರರು ತಮ್ಮ ಸಂಬಳದಲ್ಲಿ ಉಳಿಸಿ ಚಂದಾ ಕಳಿಸಿದರು. ಈ ಚಂದಾ ಹಣದ ಮಾತು ಮುಂದೆ ಬರುತ್ತದೆ.

ಲಾಸ್ ಏಂಜಲೀಸಿಗೆ ಬಂದು ಕಾಗದಪತ್ರ ನೋಡಿದ ಮೇಲೆ ಡಾರೋಗೆ ಒಂದು ವಿಷಯ ಗೊತ್ತಾಯಿತು: ಇವರು ನಿಜಕ್ಕೂ ಅಪರಾಧಿಗಳು. ಜೇಮ್ಸ್ ಬಾಂಬು ಇಟ್ಟಿದ್ದ, ಅಣ್ಣನಿಗೆ ಗೊತ್ತಿತ್ತು. ಅವರ ಸಂಘ ಕೆಲವು ವರ್ಷಗಳಿಂದ ದೇಶದ ಉದ್ದಗಲಕ್ಕೂ ಇಂಥ ಸ್ಫೋಟಗಳನ್ನು ಮಾಡಿಸುತ್ತ ಬಂದಿತ್ತು. ಹೊರಗೆ ಲಕ್ಷಾಂತರ ಜನ ‘ನಿರಪರಾಧಿಗಳು’ ಅಂತ ಮೆರವಣಿಗೆ ಮಾಡುತ್ತಿದ್ದಾರೆ, ಒಳಗೆ ಕೂತ ವಕೀಲನಿಗೆ ಗೊತ್ತಿದೆ ಅಲ್ಲ ಅಂತ. ಅವನ ಫಜೀತಿ ಊಹಿಸಿಕೊಳ್ಳಿ.

೧೯೧೧ರ ಅಕ್ಟೋಬರ್ ೧೧ಕ್ಕೆ ಜ್ಯೂರಿಯ ಆಯ್ಕೆ ಶುರುವಾಯಿತು. ಈ ಆಯ್ಕೆಯೇ ಒಂದು ಯುದ್ಧ. ಜ್ಯೂರಿಯಲ್ಲಿ ಕೂರಲು ತೆರಿಗೆ ಪಟ್ಟಿಯಲ್ಲಿ ಹೆಸರಿರಬೇಕು, ಅಂದರೆ ಒಂದಿಷ್ಟು ಆಸ್ತಿ ಇರುವ ಗಂಡಸರೇ. ಕೂಲಿಯವನ ಪರ ಮನಸ್ಸಿರುವವನು ಅಲ್ಲಿ ಸಿಗುವುದೇ ಅಪರೂಪ. ಎರಡೂ ಕಡೆಯವರು ಪತ್ತೇದಾರರನ್ನು ಬಿಟ್ಟು ಪಟ್ಟಿಯಲ್ಲಿರುವ ಒಬ್ಬೊಬ್ಬನ ಜಾತಕವನ್ನೂ ಜಾಲಾಡಿಸಿದರು: ಯಾವ ಚರ್ಚು, ಯಾವ ಪತ್ರಿಕೆ ಓದುತ್ತಾನೆ, ಸಾಲ ಎಷ್ಟಿದೆ... ಡಾರೋ ಪರವಾಗಿ ಈ ಕೆಲಸ ಮಾಡುತ್ತಿದ್ದವನು ಬರ್ಟ್ ಫ್ರಾಂಕ್ಲಿನ್, ಮೊದಲು ಸರ್ಕಾರಿ ಪತ್ತೇದಾರನಾಗಿದ್ದವನು. (ಡಾರೋಗೆ ಜ್ಯೂರಿ ಆರಿಸುವುದೆಂದರೆ ಒಂದು ವಿದ್ಯೆ. ಇಪ್ಪತ್ತೈದು ವರ್ಷದ ಮೇಲೆ, ೧೯೩೬ರಲ್ಲಿ, ಎಸ್ಕ್ವೈರ್ ಪತ್ರಿಕೆಯಲ್ಲಿ ಯಾವ ಪಂಗಡದವನನ್ನು ಕೂರಿಸಿಕೊಳ್ಳಬೇಕು, ಯಾರನ್ನು ಹತ್ತಿರ ಸೇರಿಸಬಾರದು ಅಂತ ಲೇಖನವನ್ನೇ ಬರೆದ. ಐರಿಷರು ಬೇಕು, ಪ್ರೆಸ್ಬಿಟೇರಿಯನ್ನರು ಬೇಡ, ಹೀಗೆ. ಇವತ್ತು ಓದಿದರೆ ನಗು ಬರುತ್ತದೆ, ಸ್ವಲ್ಪ ಕಸಿವಿಸಿಯೂ ಆಗುತ್ತದೆ.)

ನವೆಂಬರ್ ೨೮ರ ಬೆಳಗ್ಗೆ. ಲಾಸ್ ಏಂಜಲೀಸಿನ ಜನಜಂಗುಳಿಯ ಬೀದಿ. ಫ್ರಾಂಕ್ಲಿನ್, ಜಾರ್ಜ್ ಲಾಕ್‌ವುಡ್ ಎಂಬ ಮುದುಕನಿಗೆ ದುಡ್ಡು ತಲುಪಿಸಲು ಬಂದಿದ್ದ. ಲಾಕ್‌ವುಡ್ ಅಮೆರಿಕದ ಅಂತರ್ಯುದ್ಧದಲ್ಲಿ ಹೋರಾಡಿದ್ದ ಹಳೇ ಸಿಪಾಯಿ, ಫ್ರಾಂಕ್ಲಿನ್‌ಗೆ ಪರಿಚಯದವನೇ. ಅವನ ಹೆಸರು ಜ್ಯೂರಿ ಪಟ್ಟಿಯಲ್ಲಿ ಬಂದಿತ್ತು. ವ್ಯವಹಾರ ಹೀಗೆ: ಒಟ್ಟು ೪,೦೦೦ ಡಾಲರ್. ಅದರಲ್ಲಿ ೫೦೦ ಈಗ ಕೈಗೆ, ಉಳಿದ ೩,೫೦೦ ಮಧ್ಯಸ್ಥನ ಹತ್ತಿರ. ಜ್ಯೂರಿಯಲ್ಲಿ ಕೂತು ‘ನಿರಪರಾಧಿ’ ಅಂತ ಹಟ ಹಿಡಿದರೆ ಅದೂ ಸಿಗುತ್ತದೆ. ೪,೦೦೦ ಡಾಲರ್ ಅಂದರೆ ಎಷ್ಟು? ಮೂರು ವರ್ಷದ ಮೇಲೆ, ೧೯೧೪ರಲ್ಲಿ, ಹೆನ್ರಿ ಫೋರ್ಡ್ ತನ್ನ ಕಾರ್ಖಾನೆಯಲ್ಲಿ ದಿನಕ್ಕೆ ೫ ಡಾಲರ್ ಕೊಡುತ್ತೇನೆ ಅಂದಾಗ ದೇಶವೇ ಬಾಯಿ ಬಿಟ್ಟುಕೊಂಡು ನೋಡಿತು. ಆ ಲೆಕ್ಕದಲ್ಲೂ ಇದು ೮೦೦ ದಿನದ ದುಡಿಮೆ.

ಲಾಕ್‌ವುಡ್ ಮೊದಲೇ ಹೋಗಿ ಸರ್ಕಾರಿ ವಕೀಲ ಫ್ರೆಡರಿಕ್ಸ್‌ಗೆ ಎಲ್ಲವನ್ನೂ ಹೇಳಿಬಿಟ್ಟಿದ್ದ. ಬೀದಿಯಲ್ಲಿ ಪೊಲೀಸರು ಮಫ್ತಿಯಲ್ಲಿ ಕಾಯುತ್ತಿದ್ದರು. ದುಡ್ಡು ಕೈ ಬದಲಾಯಿತು. ಅಷ್ಟರಲ್ಲಿ ಎದುರಿನಿಂದ ರಸ್ತೆ ದಾಟಿಕೊಂಡು ಒಬ್ಬ ಎತ್ತರದ ಮನುಷ್ಯ ಫ್ರಾಂಕ್ಲಿನ್ ಕಡೆಗೇ ಬಂದ. ಬೇರೆ ಯಾರೂ ಅಲ್ಲ, ಸಾಕ್ಷಾತ್ ಡಾರೋ! ಅವನ ಕಣ್ಣೆದುರಿಗೇ ಫ್ರಾಂಕ್ಲಿನ್‌ನನ್ನು ಹಿಡಿದುಕೊಂಡು ಹೋದರು.

ಅಲ್ಲಿಗೆ ಯಾಕೆ ಬಂದಿದ್ದೆ ಅಂದರೆ, ಅಲ್ಲೇ ಹತ್ತಿರದ ಹ್ಯಾರಿಮನ್‌ನ ಚುನಾವಣಾ ಕಚೇರಿಗೆ ಬಾ ಅಂತ ಫೋನ್ ಬಂದಿತ್ತು ಅನ್ನುವುದು ಅವನ ಸಮಜಾಯಿಷಿ. ಈ ಜಾಬ್ ಹ್ಯಾರಿಮನ್ ಮೆಕ್‌ನಮಾರ ಸೋದರರ ವಕೀಲರಲ್ಲೊಬ್ಬ, ಜೊತೆಗೆ ಮೇಯರ್ ಚುನಾವಣೆಗೆ ನಿಂತಿದ್ದ ಸಮಾಜವಾದಿ. ಗೆದ್ದೇ ಗೆಲ್ಲುತ್ತಾನೆ ಅಂತ ಎಲ್ಲರೂ ಅಂದುಕೊಂಡಿದ್ದರು.

ಇದಾಗಿ ಮೂರೇ ದಿನಕ್ಕೆ, ಡಿಸೆಂಬರ್ ೧ರಂದು, ಅಣ್ಣತಮ್ಮ ಇಬ್ಬರೂ ನ್ಯಾಯಾಲಯದಲ್ಲಿ ಎದ್ದು ನಿಂತು ತಪ್ಪೊಪ್ಪಿಕೊಂಡರು. ತಿಂಗಳುಗಟ್ಟಲೆ ‘ನಿರಪರಾಧಿ’ ಅಂತ ಕೂಗಿದ್ದ ಊರು ದಂಗಾಯಿತು. ಡಿಸೆಂಬರ್ ೫ರಂದು ಜೇಮ್ಸ್‌ಗೆ ಜೀವಾವಧಿ, ಜಾನ್‌ಗೆ ೧೫ ವರ್ಷ. ಅದೇ ದಿನ ಮೇಯರ್ ಚುನಾವಣೆ, ಹ್ಯಾರಿಮನ್ ಸೋತುಹೋದ. ತಪ್ಪೊಪ್ಪಿಗೆಯ ವಿಷಯ ಅವನಿಗೆ ಮೊದಲು ಹೇಳಿರಲೇ ಇಲ್ಲವಂತೆ! ಗಾಂಪರ್ಸ್ ‘ನಮಗೆ ಮೋಸವಾಯಿತು’ ಅಂತ ಗೋಳಾಡಿದ. ಲಾಸ್ ಏಂಜಲೀಸಿನಲ್ಲಿ ಕಾರ್ಮಿಕ ಚಳವಳಿ ಆ ಪೆಟ್ಟಿನಿಂದ ಬಹಳ ವರ್ಷ ಮೇಲೇಳಲಿಲ್ಲ.

ಸೋದರರ ಜೀವವನ್ನು ಉಳಿಸಿದ ಡಾರೋಗೆ ಈಗ ಎರಡೂ ಕಡೆ ಶತ್ರುಗಳು. ಕಾರ್ಮಿಕರಿಗೆ ದ್ರೋಹಿ, ಸರ್ಕಾರಕ್ಕೆ ಅಪರಾಧಿ. ಫ್ರಾಂಕ್ಲಿನ್ ತಪ್ಪೊಪ್ಪಿಕೊಂಡು, ದಂಡ ಕಟ್ಟಿ, ಸರ್ಕಾರದ ಪರ ಸಾಕ್ಷಿಯಾದ. ನಮ್ಮಲ್ಲಿ ಮಾಫಿ ಸಾಕ್ಷಿ ಅನ್ನುತ್ತೇವಲ್ಲ, ಹೆಚ್ಚುಕಮ್ಮಿ ಹಾಗೆ. ೧೯೧೨ರ ಜನವರಿ ೨೯ರಂದು ಡಾರೋ ಮೇಲೆ ಎರಡು ಆರೋಪ ಹೊರಿಸಿದರು. ಒಂದು, ಲಾಕ್‌ವುಡ್‌ಗೆ ಲಂಚ. ಎರಡು, ರಾಬರ್ಟ್ ಬೇನ್ ಎಂಬ ಮತ್ತೊಬ್ಬನಿಗೆ ಲಂಚ. ಈ ಬೇನ್‌ನನ್ನು ಮರೆಯಬೇಡಿ, ಇಡೀ ಕಥೆಯ ಗುಟ್ಟು ಅವನಲ್ಲಿದೆ.

ಮೊದಲ ವಿಚಾರಣೆ ಮೇ ತಿಂಗಳಲ್ಲಿ ಶುರುವಾಗಿ ಮೂರು ತಿಂಗಳು ನಡೆಯಿತು, ಲಾಕ್‌ವುಡ್ ಆರೋಪದ ಮೇಲೆ ಮಾತ್ರ. ಡಾರೋ ತನ್ನ ಪರ ಹಿಡಿದದ್ದು ಅರ್ಲ್ ರಾಜರ್ಸ್ ಎಂಬ ವಕೀಲನನ್ನು. ಪಾಟೀಸವಾಲಿನಲ್ಲಿ ನಿಸ್ಸೀಮ, ಕುಡಿತದಲ್ಲೂ ನಿಸ್ಸೀಮ. ತಮಾಷೆಯೆಂದರೆ ಟೈಮ್ಸ್ ಬಾಂಬಿನ ತನಿಖೆಯಲ್ಲಿ ಸರ್ಕಾರದ ಪರ ಕೆಲಸ ಮಾಡಿದ್ದವನೂ ಅವನೇ. ಡಾರೋನೇ ದುಡ್ಡು ಕೊಟ್ಟು ಕಳಿಸಿದ ಅಂತ ಫ್ರಾಂಕ್ಲಿನ್ ಸಾಕ್ಷಿ ಹೇಳಿದ. ಡಾರೋ ಜೊತೆ ಕೆಲಸ ಮಾಡಿದ್ದ ಹ್ಯಾರಿಂಗ್ಟನ್ ಎಂಬವನೂ ತಿರುಗಿಬಿದ್ದ. ಅವನಿಂದ ಡಾರೋನ ಬಾಯಿ ಬಿಡಿಸಲು ಹೋಟೆಲ್ ಕೋಣೆಯಲ್ಲಿ ಕದ್ದು ಕೇಳುವ ಯಂತ್ರವನ್ನೂ ಬಚ್ಚಿಟ್ಟಿದ್ದರು, ಅದರಿಂದ ಹೇಳಿಕೊಳ್ಳುವಂಥ ಪ್ರಯೋಜನವಾಗಲಿಲ್ಲ. ಆಮೇಲೆ ೧೦,೦೦೦ ಡಾಲರಿನ ಒಂದು ಚೆಕ್ಕು. ಕಾರ್ಮಿಕರ ಚಂದಾ ಹಣದ ಈ ಚೆಕ್ಕನ್ನು ಡಾರೋ ಸ್ಯಾನ್ ಫ್ರಾನ್ಸಿಸ್ಕೋದ ಕಾರ್ಮಿಕ ಮುಖಂಡ ಟ್ವೀಟ್ಮೋ ಹೆಸರಿಗೆ ಬರೆದುಕೊಟ್ಟಿದ್ದ, ಅದು ಅಲ್ಲಿ ನಗದಾಗಿತ್ತು. ಲಂಚದ ಹಣ ಬಂದದ್ದು ಇಲ್ಲಿಂದ ಅಂತ ಸರ್ಕಾರದ ವಾದ.

ಡಾರೋ ಪರದ ವಾದ ಬಲವಾಗಿಯೇ ಇತ್ತು. ಪತ್ರಕರ್ತ ಲಿಂಕನ್ ಸ್ಟೆಫೆನ್ಸ್ ಬಂದು ಸಾಕ್ಷಿ ಹೇಳಿದ: ನವೆಂಬರ್ ೨೮ಕ್ಕೆ ಎಷ್ಟೋ ದಿನ ಮೊದಲೇ ರಾಜಿಯ ಮಾತು ನಡೆಯುತ್ತಿತ್ತು, ನಡೆಸುತ್ತಿದ್ದವನು ನಾನೇ ಅಂತ. ಇದು ನಿಜ ಕೂಡ. ನವೆಂಬರ್ ಮೂರನೇ ವಾರದಲ್ಲಿ ಸ್ಟೆಫೆನ್ಸ್ ಮತ್ತು ಡಾರೋ ಸ್ಯಾನ್ ಡಿಯಾಗೋ ಹತ್ತಿರ ಪತ್ರಿಕೋದ್ಯಮಿ ಸ್ಕ್ರಿಪ್ಸ್‌ನ ಮನೆಗೆ ಹೋಗಿದ್ದಾಗ ಆ ಯೋಚನೆ ಹುಟ್ಟಿತ್ತು. ತಪ್ಪೊಪ್ಪಿಕೊಳ್ಳುವುದೆಂದು ಆದಮೇಲೆ ಜ್ಯೂರಿಯೇ ಬೇಕಿಲ್ಲ, ಇನ್ನು ಜ್ಯೂರಿಗೆ ಲಂಚ ಯಾಕೆ?

ಆಗಸ್ಟ್‌ನಲ್ಲಿ ಡಾರೋ ತನ್ನ ಪರವಾಗಿ ತಾನೇ ಕೊನೆಯ ವಾದ ಮಾಡಿದ, ಎರಡು ದಿನ. ನಾನು ಇಲ್ಲಿ ನಿಂತಿರುವುದು ಲಾಕ್‌ವುಡ್‌ಗೆ ದುಡ್ಡು ಕೊಟ್ಟಿದ್ದಕ್ಕಲ್ಲ, ಬಡವರ ಪರ ನಿಂತದ್ದಕ್ಕೆ ಅಂದ. ಮೂವತ್ತೈದು ವರ್ಷ ವಕೀಲಿಕೆ ಮಾಡಿದವನು ಹಾಡಹಗಲಲ್ಲಿ, ನಡುಬೀದಿಯಲ್ಲಿ, ತನ್ನ ಕಚೇರಿಯ ಹತ್ತಿರವೇ ಲಂಚ ಹಂಚಿಸುತ್ತಾನೆ ಅಂತ ನಿಮಗನ್ನಿಸಿದರೆ ನನ್ನನ್ನು ಒಳಗೆ ಹಾಕುವುದೇ ಸರಿ ಅಂತ ತಮಾಷೆಯೂ ಮಾಡಿದ. ಜ್ಯೂರಿಯವರ ಕಣ್ಣಲ್ಲಿ ನೀರು. ಆಗಸ್ಟ್ ೧೭ರಂದು ಒಳಗೆ ಹೋದವರು ಸುಮಾರು ಅರ್ಧ ಗಂಟೆಯಲ್ಲಿ ಹೊರಬಂದು ‘ನಿರಪರಾಧಿ’ ಅಂದರು. ನ್ಯಾಯಾಧೀಶ ಹಟನ್ ಕೂಡ ಡಾರೋನನ್ನು ಅಭಿನಂದಿಸಿದರು. ಸಿನಿಮಾ ಆಗಿದ್ದರೆ ಇಲ್ಲಿಗೆ ‘ಶುಭಂ’ ಬೀಳುತ್ತಿತ್ತು.

ಆದರೆ ಬೇನ್ ಇದ್ದಾನಲ್ಲ!

ರಾಬರ್ಟ್ ಬೇನ್ ವಯಸ್ಸಾದ ಬಡಗಿ. ಲಾಕ್‌ವುಡ್ ಹಾಗೆ ಪಟ್ಟಿಯಲ್ಲಿ ಬರಿ ಹೆಸರಿದ್ದವನಲ್ಲ, ಪ್ರಮಾಣ ತೆಗೆದುಕೊಂಡು ಜ್ಯೂರಿಯಲ್ಲಿ ಕೂತೇ ಇದ್ದವನು. ಫ್ರಾಂಕ್ಲಿನ್ ಹೇಳಿಕೆಯ ಪ್ರಕಾರ ಬೇನ್‌ಗೆ ೪೦೦ ಡಾಲರ್ ಮುಂಗಡ ಸಂದದ್ದು ಅಕ್ಟೋಬರ್ ಮೊದಲ ವಾರದಲ್ಲಿ, ಅಂದರೆ ವಿಚಾರಣೆ ಶುರುವಾಗುವ ಮುನ್ನ. ಆಗ ರಾಜಿಯ ಮಾತು ಎಲ್ಲಿತ್ತು? ಸ್ಟೆಫೆನ್ಸ್ ಆ ಯೋಚನೆ ಮಾಡುವುದಕ್ಕೆ ಇನ್ನೂ ಆರು ವಾರ ಇತ್ತು. ‘ರಾಜಿ ಆಗುತ್ತಿರುವಾಗ ಲಂಚ ಯಾಕೆ’ ಎಂಬ ಬ್ರಹ್ಮಾಸ್ತ್ರ ಬೇನ್ ವಿಷಯದಲ್ಲಿ ಠುಸ್ಸಾಯಿತು. ಹಗಲು, ನಡುಬೀದಿ ಎಂಬ ವಾದವೂ ಅಷ್ಟೆ, ಬೇನ್ ಕಡೆಗೆ ಫ್ರಾಂಕ್ಲಿನ್ ಹೋದದ್ದು ಅವನ ಹೆಂಡತಿಯ ಮೂಲಕ, ಮನೆಗೆ.

ಎರಡನೇ ವಿಚಾರಣೆ ೧೯೧೩ರ ಜನವರಿಯಲ್ಲಿ. ಡಾರೋ ಕೈ ಖಾಲಿ, ರಾಜರ್ಸ್ ಆರೋಗ್ಯ ಕೆಟ್ಟು ಹಿಂದೆ ಸರಿದಿದ್ದ, ಬಹುಮಟ್ಟಿಗೆ ತನ್ನ ಕೇಸನ್ನು ತಾನೇ ನಡೆಸಬೇಕಾಯಿತು. ಕೊನೆಯ ವಾದದಲ್ಲಿ ಮೆಕ್‌ನಮಾರ ಸೋದರರು ಯಾಕೆ ಹಾಗೆ ಮಾಡಿದರು ಅಂತ ಅವರ ಪರವೇ ಮಾತಾಡಿ ಜ್ಯೂರಿಯ ಮನಸ್ಸು ಕೆಡಿಸಿಕೊಂಡ ಅನ್ನುತ್ತಾರೆ. ಇರಬಹುದು. ನನಗೆ ಮಾತ್ರ ಅದಕ್ಕಿಂತ ಆ ತಾರೀಖುಗಳೇ ದೊಡ್ಡದಾಗಿ ಕಾಣುತ್ತವೆ. ಮಾರ್ಚ್ ೮ರಂದು ಜ್ಯೂರಿ ಒಮ್ಮತಕ್ಕೆ ಬರದೆ ಚದುರಿತು. ಎಂಟು ಜನ ‘ಅಪರಾಧಿ’, ನಾಲ್ಕು ಜನ ‘ನಿರಪರಾಧಿ’. ಅರ್ಧ ಗಂಟೆಯ ಬಿಡುಗಡೆಯಿಂದ ಎಂಟು-ನಾಲ್ಕಕ್ಕೆ! ಮನುಷ್ಯ ಅದೇ, ಸಾಕ್ಷಿಗಾರ ಅದೇ, ಊರು ಅದೇ. ಆರೋಪದ ತಾರೀಖು ಬೇರೆ.

ಕೊನೆಗೆ ಇನ್ನು ಕ್ಯಾಲಿಫೋರ್ನಿಯಾದಲ್ಲಿ ವಕೀಲಿಕೆ ಮಾಡುವುದಿಲ್ಲ ಎಂಬ ಒಪ್ಪಂದದ ಮೇಲೆ ಮೊಕದ್ದಮೆಯನ್ನು ಕೈಬಿಟ್ಟರು, ಡಾರೋ ಷಿಕಾಗೋಗೆ ವಾಪಸಾದ.

ಲಾಕ್‌ವುಡ್ ವಿಷಯದಲ್ಲೂ ರಾಜಿಯ ವಾದ ನೋಡುವುದಕ್ಕೆ ಕಂಡಷ್ಟು ಗಟ್ಟಿಯಲ್ಲ. ಫ್ರಾಂಕ್ಲಿನ್ ಅವನನ್ನು ಮೊದಲು ಮಾತಾಡಿಸಿದ್ದು ನವೆಂಬರ್ ಆರಂಭದಲ್ಲಿ. ೨೮ರವರೆಗೂ ರಾಜಿ ಪಕ್ಕಾ ಆಗಿರಲಿಲ್ಲ. ಜೇಮ್ಸ್ ಒಬ್ಬನೇ ಒಪ್ಪಿಕೊಳ್ಳಲಿ, ಜಾನ್‌ನನ್ನು ಬಿಡಿ ಅಂತ ಡಾರೋ, ಇಬ್ಬರೂ ಒಪ್ಪಿಕೊಳ್ಳಬೇಕು ಅಂತ ಸರ್ಕಾರ, ಹೀಗೆ ಜಗ್ಗಾಟ ನಡೆದಿತ್ತು. ಮಾತು ಮುರಿದರೆ ಅಂತ ಕೈಯಲ್ಲೊಂದು ಜ್ಯೂರರ್ ಇರಲಿ ಅನ್ನುವುದು ಅಸಂಬದ್ಧ ಯೋಚನೆಯೇನಲ್ಲ. ಹಟಮಾರಿ ಒಬ್ಬ ಸಾಕು ಅನ್ನುವ ಲೆಕ್ಕ ಆಗಲೇ ನೋಡಿದೆವಲ್ಲ. ಇನ್ನು ಫ್ರಾಂಕ್ಲಿನ್ ಸುಳ್ಳುಗಾರ ಅನ್ನುವ ಮಾತು. ತನ್ನ ಚರ್ಮ ಉಳಿಸಿಕೊಳ್ಳಲು ಆತ ಏನು ಬೇಕಾದರೂ ಹೇಳಿಯಾನು, ಒಪ್ಪಿದೆ. ಆದರೆ ೪,೦೦೦ ಡಾಲರ್ ಅವನ ಸ್ವಂತ ಜೇಬಿನದಲ್ಲ. ಯಾರದ್ದು?

ಸರ್ಕಾರದ ಕಡೆಯವರೇನು ಸಾಚಾಗಳೆ? ಅಲ್ಲವೇ ಅಲ್ಲ. ಜಾನ್‌ನನ್ನು ಹೊತ್ತು ತಂದ ರೀತಿ ನೋಡಿದಿರಿ. ಡಾರೋ ಕಚೇರಿಯೊಳಗೇ ಎದುರು ಪಕ್ಷದ ಗೂಢಚಾರರಿದ್ದರು. ಓಟಿಸ್‌ನ ಪತ್ರಿಕೆ ದಿನಾ ಬೆಂಕಿ ಕಾರುತ್ತಿತ್ತು. ಕಾನೂನು ಅನ್ನುವುದೇ ಉಳ್ಳವರ ಕೈಯ ಕತ್ತಿ ಅಂತ ಡಾರೋ ಮೊದಲಿನಿಂದಲೂ ನಂಬಿದವನು. ಅಂಥವನಿಗೆ, ಮೋಸದ ಆಟದಲ್ಲಿ ನಾನೊಬ್ಬ ನಿಯಮ ಪಾಲಿಸಿ ಎರಡು ಜೀವ ಕಳೆದುಕೊಳ್ಳಲೇ ಅನ್ನಿಸಿದ್ದರೆ ನನಗೆ ಅರ್ಥವಾಗುತ್ತದೆ. ಅರ್ಥವಾಗುತ್ತದೆ, ಆದರೆ ಒಪ್ಪಲಾರೆ. ಲಂಚದ ಬೀಜ ಆ ಚಂದಾ ಹಣದ್ದೇ ಆಗಿದ್ದರೆ, ಅದನ್ನು ಕಳಿಸಿದ ಕೂಲಿಯವನು ತನ್ನ ದುಡ್ಡು ಹೀಗೆ ಹೋಗುತ್ತದೆ ಅಂತ ಕಂಡವನಲ್ಲ. ಸುಟ್ಟು ಸತ್ತ ೨೦ ಜನರ ಮನೆಯವರಿಗೂ ಒಂದು ವಿಚಾರಣೆಯ ಹಕ್ಕಿತ್ತು.

ಚರಿತ್ರೆ ಬರೆದವರಲ್ಲೂ ಹಳಬರು ಡಾರೋನನ್ನು ಎತ್ತಿ ಹಿಡಿದರು, ಹೊಸಬರು ಒಬ್ಬೊಬ್ಬರೇ ಕೈಬಿಟ್ಟರು. ರಾಜರ್ಸ್‌ನ ಮಗಳು ಅಡೀಲಾ ಅಪ್ಪನ ಜೊತೆ ಆ ಕೋರ್ಟಿನಲ್ಲಿ ಕೂತಿದ್ದ ಹುಡುಗಿ. ಮುಂದೆ ಹೆಸರಾಂತ ಪತ್ರಕರ್ತೆಯಾಗಿ, ೧೯೬೨ರಲ್ಲಿ ಅಪ್ಪನ ಬಗ್ಗೆ ಪುಸ್ತಕ ಬರೆದಾಗ ಡಾರೋ ತಪ್ಪಿತಸ್ಥನೇ ಅಂತ ಬರೆದಳು. ಅವನನ್ನು ಬಿಡಿಸಿದ ವಕೀಲನ ಮಗಳು! ಇದೊಂದೇ ವಿಚಾರಣೆಯ ಮೇಲೆ ಜೆಫ್ರಿ ಕೋವನ್ ೧೯೯೩ರಲ್ಲಿ ದೊಡ್ಡ ಪುಸ್ತಕ ಬರೆದ, ಡಾರೋ ಬಗ್ಗೆ ಅಭಿಮಾನ ಇಟ್ಟುಕೊಂಡೇ. ಅವನೂ ಅದೇ ನಿರ್ಧಾರಕ್ಕೆ ಬಂದ.

ವಿಚಿತ್ರ ಏನೆಂದರೆ ನಾವು ಹೊಗಳುವ ಡಾರೋ ಬಹುಪಾಲು ಇದಾದ ಮೇಲಿನವನು. ಸ್ಕೋಪ್ಸ್, ಲಿಯೋಪೋಲ್ಡ್-ಲೋಬ್, ಡೆಟ್ರಾಯಿಟ್‌ನಲ್ಲಿ ಬಿಳಿಯರ ಬೀದಿಯಲ್ಲಿ ಮನೆ ಕೊಂಡದ್ದಕ್ಕೆ ದೊಂಬಿಗೆ ಸಿಕ್ಕಿ, ಕೊಲೆ ಆರೋಪ ಹೊತ್ತ ಕರಿಯ ವೈದ್ಯ ಒಸಿಯನ್ ಸ್ವೀಟ್‌ನ ಕೇಸು, ಎಲ್ಲ ೧೯೨೪ರಿಂದೀಚೆಗೆ. ಸ್ವೀಟ್ ಕುಟುಂಬದ ಕೇಸಿನಲ್ಲಿ ಎದುರಿಗೆ ಕೂತಿದ್ದವರು ಹನ್ನೆರಡೂ ಜನ ಬಿಳಿಯರು. ೧೯೨೬ರಲ್ಲಿ ಅವರಿಂದಲೇ ವೈದ್ಯನ ತಮ್ಮನಿಗೆ ‘ನಿರಪರಾಧಿ’ ಅನ್ನಿಸಿದ, ಬರಿ ಮಾತಿನಿಂದ.

ಡಾರೋ ತೀರಿಕೊಂಡದ್ದು ೧೯೩೮ರಲ್ಲಿ. ಜಾನ್ ಮೆಕ್‌ನಮಾರ ೧೯೨೧ರಲ್ಲೇ ಬಿಡುಗಡೆಯಾಗಿದ್ದ. ತಮ್ಮ ಜೇಮ್ಸ್ ಮಾತ್ರ ಸ್ಯಾನ್ ಕ್ವೆಂಟಿನ್ ಜೈಲಿನಲ್ಲೇ ಉಳಿದ, ಪೆರೋಲು ಕೊಡಿ ಅಂತ ಯಾರನ್ನೂ ಕೇಳಲಿಲ್ಲ. ಇಬ್ಬರೂ ಸತ್ತದ್ದು ಒಂದೇ ವರ್ಷ, ೧೯೪೧ರಲ್ಲಿ. ಡಾರೋನನ್ನು ಕಥಾನಾಯಕನಾಗಿ ಮೆರೆಸಿದ ಇರ್ವಿಂಗ್ ಸ್ಟೋನ್‌ನ ಜೀವನಚರಿತ್ರೆ ಅಚ್ಚಾಗಿ ಬಂದದ್ದೂ ಅದೇ ವರ್ಷ.